ಈ ಮಳೆಗಾಲದ ಕೈತೋಟ: ಏನು ಬಂತು, ಏನು ಹೋಯ್ತು? ನಿಮ್ಮ ಲೆಕ್ಕವನ್ನೂ ಹೇಳಿ

ವಿಜಯನಗರದ ತಾರಸಿ | ಭಾನುವಾರ ಬೆಳಿಗ್ಗೆ 9:40

ಎಲ್ಲರಿಗೂ ನಮಸ್ಕಾರ. ಜೂನ್ ಮೊದಲ ವಾರ ಬೀಜ ಹಾಕಿದ್ದೆ. ಈಗ ನವೆಂಬರ್ ಎರಡನೇ ವಾರ. ಕಿತ್ತ ತರಕಾರಿಯ ತೂಕವನ್ನೆಲ್ಲ ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಆಯಾ ದಿನದ ಚೌಕದಲ್ಲೇ ಬರೆದಿಟ್ಟಿದ್ದೆ. ಇವತ್ತು ಅದನ್ನು ಮುಂದಿಟ್ಟುಕೊಂಡು ಕೂತಿದ್ದೇನೆ.

2024ರ ಬೇಸಿಗೆಯನ್ನು ಬೆಂಗಳೂರಿನವರು ಯಾರೂ ಮರೆಯೋದಿಲ್ಲ. ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಆದೇಶ ಬಂತು. ಏಪ್ರಿಲ್ 28ಕ್ಕೆ 38.5 ಡಿಗ್ರಿ ಬಿಸಿಲು. ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರಲ್ಲಿ ಕರಿಬೇವು ಮತ್ತು ಎರಡು ಬದನೆ ಗಿಡ ಮಾತ್ರ ಉಳಿಸಿಕೊಂಡೆ. ಹಾಗಾಗಿ ಮಳೆ ಶುರುವಾದಾಗ ಆಸೆ ಜಾಸ್ತಿ ಇತ್ತು. ಒಟ್ಟು 40 ಗ್ರೋ ಬ್ಯಾಗ್, ಅರ್ಧ ಕತ್ತರಿಸಿದ ಡ್ರಮ್ ಆರು.

ಬಂದಿದ್ದು: ಬೆಂಡೆ 12 ಗಿಡದಿಂದ 4 ಕೆಜಿ 800 ಗ್ರಾಂ. ಹರಿವೆ, ದಂಟು, ಬಸಳೆ ಮನೆಗೆ ಸಾಕಾಗಿ ಪಕ್ಕದ ಮನೆಗೂ ಹೋಯ್ತು. ಆಗಸ್ಟ್‌ನಿಂದ ಹಸಿಮೆಣಸಿನಕಾಯಿ ಅಂಗಡಿಯಿಂದ ತಂದೇ ಇಲ್ಲ.

ಹೋಗಿದ್ದು: ಟೊಮೆಟೊ. 14 ಗಿಡದಲ್ಲಿ 9 ಸತ್ತವು. ಎಲೆ ಹಳದಿ ಆಗಲಿಲ್ಲ, ಚುಕ್ಕೆ ಇಲ್ಲ, ಹುಳ ಇಲ್ಲ. ಬೆಳಿಗ್ಗೆ ಚೆನ್ನಾಗಿರುತ್ತಿತ್ತು, ಮಧ್ಯಾಹ್ನ ಹಸಿರಾಗಿದ್ದ ಹಾಗೇ ಜೋತು ಬೀಳುತ್ತಿತ್ತು, ಮೂರನೇ ದಿನ ಮುಗಿದೇ ಹೋಗುತ್ತಿತ್ತು. ನೀರಿನ ಟ್ಯಾಂಕ್ ಪಕ್ಕದ ಚೀಲದಿಂದ ಶುರುವಾಗಿ ಒಂದರ ಪಕ್ಕ ಒಂದು ಹೋದವು.

ಹೀರೆ: ಮೂರು ಬಳ್ಳಿ, ಚಪ್ಪರದ ತುಂಬಾ ಹೂ. ಬೆರಳುದ್ದ ಹೀಚು ಆಗುತ್ತೆ, ಹಳದಿಯಾಗಿ ಉದುರುತ್ತೆ. ಐದು ತಿಂಗಳಿಗೆ ಕೈಗೆ ಸಿಕ್ಕಿದ್ದು ನಾಲ್ಕೇ ಕಾಯಿ. ದಿನಾ ಬೆಳಿಗ್ಗೆ ಏಳಕ್ಕೆ ಬ್ರಶ್ ಹಿಡಿದು ಪರಾಗ ಮುಟ್ಟಿಸಿದ್ದೇನೆ, ಏನೂ ಉಪಯೋಗ ಆಗಲಿಲ್ಲ.

ಅವರೆ: ಜೂನ್‌ನಲ್ಲಿ ಹಾಕಿದ ನಾಟಿ ಬೀಜ. ಪ್ಯಾರಾಪೆಟ್ ಪೂರ್ತಿ ಮುಚ್ಚಿದೆ. ಒಂದು ಹೂವೂ ಇಲ್ಲ. ಮನೆಯವರು ಕಿತ್ತು ಹಾಕು ಅಂತಿದ್ದಾರೆ.

ಎಲ್ಲಿ ತಪ್ಪಿದೆ ಹೇಳಿ. ನಿಮ್ಮ ಕಡೆ ಈ ಸಲ ಹೇಗಿತ್ತು ಅಂತಲೂ ಬರೆಯಿರಿ.

ಮೊದಲ ಕುಂಡ | 9:58

ನಾಲ್ಕು ಕೆಜಿ ಬೆಂಡೆ! ನನಗೆ ಒಟ್ಟು ಹತ್ತು ಕಾಯಿ ಸಿಕ್ಕಿತ್ತು ಅಕ್ಕ. ಯಾವ ತಳಿ?

ವಿಜಯನಗರದ ತಾರಸಿ | 10:05

ಅರ್ಕಾ ಅನಾಮಿಕಾ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿ. ಹೋದ ವರ್ಷ ಬೇರೆ ಬೀಜ ಹಾಕಿದ್ದೆ, ಎಲೆಯ ನರವೆಲ್ಲ ಹಳದಿಯಾಗಿ ಕಾಯಿ ಬೆಳ್ಳಗೆ ಬಿರುಸಾಗಿತ್ತು. ಈ ಸಲ ಒಂದು ಗಿಡಕ್ಕೂ ಬರಲಿಲ್ಲ.

ಎಂಟು ಚೀಲ | 10:11

ಟೊಮೆಟೊಗೆ ನೀರು ಜಾಸ್ತಿ ಆಗಿದೆ ಅಷ್ಟೇ. ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಎಷ್ಟು ಮಳೆ ಹೊಡೀತು ನೆನಪಿಲ್ವಾ? ಬೇರು ಕೊಳೆತಿದೆ. ಎಪ್ಸಮ್ ಸಾಲ್ಟ್ ಒಂದು ಚಮಚ ಹಾಕಿ, ಚಿಗುರುತ್ತೆ.

ಕೃಷಿ ಓದಿದವನು | 10:30

ಎಪ್ಸಮ್ ಸಾಲ್ಟ್ ಅಂದರೆ ಮೆಗ್ನೀಸಿಯಂ ಸಲ್ಫೇಟ್. ಮೆಗ್ನೀಸಿಯಂ ಕಡಿಮೆ ಆದಾಗ ಹಳೇ ಎಲೆಯ ನರ ಹಸಿರಾಗೇ ಇದ್ದು ನಡುವೆ ಹಳದಿ ಆಗುತ್ತೆ. ಅದಕ್ಕೆ ಅದು ಸರಿ. ಇಲ್ಲಿ ಹೇಳಿರೋದು ಬೇರೆ. ಎಲೆ ಹಸಿರಾಗಿದ್ದ ಹಾಗೇ ಇಡೀ ಗಿಡ ಬಾಡೋದು ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗದ ಗುರುತು.

ಅಕ್ಕ, ಊಹೆ ಮಾಡೋದು ಬೇಡ, ಮನೆಯಲ್ಲೇ ನೋಡಬಹುದು. ಬಾಡಲು ಶುರುವಾದ ಗಿಡ ಇನ್ನೂ ಇದ್ದರೆ ಬುಡದ ಹತ್ತಿರ ಕಾಂಡವನ್ನು ಎರಡು ಮೂರು ಇಂಚು ಕತ್ತರಿಸಿ. ಗಾಜಿನ ಲೋಟದಲ್ಲಿ ತಿಳಿ ನೀರು ತುಂಬಿ, ಕತ್ತರಿಸಿದ ತುದಿ ನೀರಲ್ಲಿ ಮುಳುಗುವ ಹಾಗೆ ಹಿಡಿದು ಅಲುಗಾಡಿಸದೆ ಕೆಲವು ನಿಮಿಷ ಇರಿ. ಬಿಳಿ ನೂಲಿನ ಹಾಗೆ ಹಾಲಿನಂಥದ್ದು ಕೆಳಗೆ ಇಳಿದರೆ ದುಂಡಾಣು. ಏನೂ ಇಳಿಯದಿದ್ದರೆ ಶಿಲೀಂಧ್ರ ಅಥವಾ ಬೇರು ಕೊಳೆ ಅಂತ ಯೋಚಿಸೋಣ.

ಎಂಟು ಚೀಲ | 10:34

ನಾನು ಹಾಕಿ ಚಿಗುರಿದೆ ಸರ್. ಸುಮ್ನೆ ಹೇಳ್ತಿಲ್ಲ.

ಕೃಷಿ ಓದಿದವನು | 10:41

ನಿಮ್ಮ ಗಿಡಕ್ಕೆ ಅದೇ ಕೊರತೆ ಇದ್ದಿರಬಹುದು. ಈ ಗಿಡಕ್ಕೆ ಇರೋ ಹಾಗೆ ಕಾಣೋದಿಲ್ಲ ಅಂತಷ್ಟೇ ನಾನು ಹೇಳಿದ್ದು.

ಕೋಲಾರದ ಹೊಲ | 10:55

ಮೇಡಂ, ಒಂದು ಪ್ರಶ್ನೆ. ಟ್ಯಾಂಕ್ ಪಕ್ಕದಿಂದ ಶುರುವಾಗಿ ಸಾಲಾಗಿ ಹೋದವು ಅಂದ್ರಲ್ಲ, ನಿಮ್ಮ ತಾರಸಿಯ ಇಳಿಜಾರು ಯಾವ ಕಡೆ? ನೀರು ಹರಿದು ಹೋಗೋ ತೂತು ಎಲ್ಲಿದೆ?

ವಿಜಯನಗರದ ತಾರಸಿ | 11:10

ಅಯ್ಯೋ, ಇದನ್ನು ಯೋಚಿಸೇ ಇರಲಿಲ್ಲ. ಇಳಿಜಾರು ಟ್ಯಾಂಕ್ ಕಡೆಯಿಂದ ಮೆಟ್ಟಿಲ ಕಡೆಗೆ. ತೂತು ಮೆಟ್ಟಿಲ ಹತ್ತಿರ. ಸತ್ತಿರೋದೂ ಅದೇ ದಿಕ್ಕಿನಲ್ಲಿ. ಚೀಲಗಳು ನೆಲಕ್ಕೇ ತಾಗಿವೆ, ಒಂದರ ನೀರು ಇನ್ನೊಂದರ ಬುಡಕ್ಕೆ ಹೋಗುತ್ತೆ. ಉಳಿದ ಐದು ಗಿಡ ಇರೋದು ಪೂಜೆ ಕೋಣೆ ಮೇಲಿನ ಎತ್ತರದ ಕಟ್ಟೆಯಲ್ಲಿ.

ಕೋಲಾರದ ಹೊಲ | 11:22

ಹಾಗಾದರೆ ಇದು ನೀರಲ್ಲೇ ಹರಡಿದೆ. ನಮ್ಮ ಹೊಲದಲ್ಲೂ ಹೀಗೇ, ಕಾಲುವೆ ಸಾಲಿನುದ್ದಕ್ಕೂ ಹೋಗುತ್ತೆ. ಅಪ್ಪ ಬಾಡಿದ ಗಿಡ ಕಂಡ ತಕ್ಷಣ ಆ ಸಾಲಿಗೆ ನೀರು ನಿಲ್ಲಿಸುತ್ತಿದ್ದರು. ಗಿಡವನ್ನು ಬೇರು ಸಮೇತ ಕಿತ್ತು ಗೋಣಿಗೆ ಹಾಕಿ ಹೊಲದ ಆಚೆ ಒಯ್ದು ಸುಡುತ್ತಿದ್ದರು. ಆಮೇಲೆ ಗುದ್ದಲಿ ತೊಳೆದು ಬೇರೆ ಸಾಲಿಗೆ ಹೋಗುತ್ತಿದ್ದರು.

ಇನ್ನೊಂದು. ಅದೇ ಚೀಲದಲ್ಲಿ ಹಿಂದಿನ ವರ್ಷ ಏನಿತ್ತು?

ವಿಜಯನಗರದ ತಾರಸಿ | 11:30

ಟೊಮೆಟೊನೇ. ಅದರ ಹಿಂದಿನ ಸಲ ಬದನೆ.

ಕೋಲಾರದ ಹೊಲ | 11:36

ಅಲ್ಲೇ ಇರೋದು. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಎಲ್ಲ ಒಂದೇ ಮನೆಯವು. ಒಬ್ಬರಿಗೆ ಬಂದಿದ್ದು ಎಲ್ಲರಿಗೂ ಬರುತ್ತೆ.

ಮಟ್ಟುಗುಳ್ಳದ ಊರಿನವರು | 12:15

ಉಡುಪಿಯಿಂದ ನಮಸ್ಕಾರ. ಕರಾವಳಿಯಲ್ಲಿ ಈ ಸೊರಗು ರೋಗ ಮನೆ ಮನೆಯಲ್ಲಿದೆ. ಸುಂಡೆ ಗಿಡದ ಬುಡಕ್ಕೆ ಬದನೆ ಕಸಿ ಕಟ್ಟಿದ ಸಸಿಗಳನ್ನು ತಂದು ಹಾಕುತ್ತೇವೆ, ಅದು ತಡೆಯುತ್ತೆ. ನನ್ನ ಹತ್ತಿರ ಅಂಥ ಮೂರು ಗಿಡ ಎರಡನೇ ವರ್ಷವೂ ಕಾಯಿ ಕೊಡ್ತಾ ಇವೆ.

ನಮ್ಮ ಈ ಸಲದ ಲೆಕ್ಕ: ಮಳೆಗಾಲದಲ್ಲಿ ನೆಲದಲ್ಲಿ ಅಲಸಂಡೆ ಮತ್ತು ಬೆಂಡೆ. ಬೆಂಡೆ ಅಂದರೆ ನಮ್ಮ ಬಿಳಿ ಬೆಂಡೆ, ಉದ್ದ, ದಪ್ಪ. ಒಂದು ಕಾಯಿ ಹಾಕಿದರೆ ಒಬ್ಬರಿಗೆ ಹುಳಿಯಲ್ಲಿ ಸಾಕು. ಬಸಳೆ ಚಪ್ಪರದ ಬಗ್ಗೆ ಹೇಳೋದೇ ಬೇಡ. ಬಟ್ಟೆ ಒಗೆಯೋ ಕಲ್ಲಿನ ಹತ್ತಿರ ಇಟ್ಟರೆ ಸಾಕು, ತಾನಾಗಿ ಬರುತ್ತೆ. ನಮ್ಮ ಮಟ್ಟುಗುಳ್ಳ ಬದನೆಯನ್ನು ಮಳೆ ಬಿಟ್ಟ ಮೇಲೆ ನೆಟ್ಟಿದ್ದೇವೆ, ಈಗ ಹೂ ಬಂದಿದೆ. ಎಷ್ಟೋ ಜನ ಬೀಜ ಕೇಳಿ ತಗೊಂಡು ಹೋಗುತ್ತಾರೆ, ಜೂನ್‌ನಲ್ಲೇ ಹಾಕಿ ಕೊಳೆಸುತ್ತಾರೆ. ಮಟ್ಟು ಗ್ರಾಮದಲ್ಲಿ ಭತ್ತ ಕೊಯ್ದ ಗದ್ದೆಯಲ್ಲಿ ಅದನ್ನು ಬೆಳೆಯೋದು, ಅದರ ಕಾಲ ಅದು.

ಹೋಗಿದ್ದು: ಮೊಗೆಕಾಯಿ, ಅಂದರೆ ಸಾಂಬಾರು ಸೌತೆ. ಹೋದ ವರ್ಷ ಬಾಳೆನಾರಿನಲ್ಲಿ ಕಟ್ಟಿ ಅಡುಗೆಮನೆಯ ಜಂತಿಗೆ 22 ಕಾಯಿ ತೂಗುಹಾಕಿದ್ದೆವು. ಮಳೆಗಾಲ ಮುಗಿಯೋವರೆಗೂ ಅದೇ ಸಾಂಬಾರಿಗೆ. ಈ ವರ್ಷ ಐದು. ಬಾಕಿ ಎಲ್ಲ ಹಣ್ಣುನೊಣದ ಪಾಲು.

ಎಂಟು ಚೀಲ | 12:20

ಮಟ್ಟುಗುಳ್ಳ ಬೆಂಗಳೂರಲ್ಲಿ ಬರುತ್ತಾ?

ಮಟ್ಟುಗುಳ್ಳದ ಊರಿನವರು | 12:26

ಗಿಡ ಬರುತ್ತೆ, ಕಾಯಿಯೂ ಬರುತ್ತೆ. ಆ ರುಚಿ ಬರೋದಿಲ್ಲ ಅಂತ ನಮ್ಮ ಅತ್ತೆ ಹಟ. 2011ರಲ್ಲಿ ಭೌಗೋಳಿಕ ಗುರುತು ಕೊಟ್ಟಿದ್ದು ಸುಮ್ನೆ ಅಲ್ಲ. ಆ ಮರಳು ಮಿಶ್ರಿತ ಮಣ್ಣು, ಸಮುದ್ರದ ಗಾಳಿ ಬೇಕು.

ಹಿಂಗಾರಿ ಹಿತ್ತಲ | ಮಧ್ಯಾಹ್ನ 1:40

ಧಾರವಾಡದಿಂದ. ಅಕ್ಕಾರ, ಹೀರಿಕಾಯಿ ಬಗ್ಗೆ ನಾ ಹೇಳ್ತೀನಿ ರೀ. ನೀವು ಬೆಳಿಗ್ಗೆ ಏಳಕ್ಕೆ ಬ್ರಶ್ ಹಿಡಿದೀರಿ ಅಂದ್ರಿ. ಅಷ್ಟೊತ್ತಿಗೆ ಅದರ ಹೊತ್ತು ಮುಗಿದು ಹೋಗಿರುತ್ತೆ! ಹೀರೆ ಹೂ ಅರಳೋದು ಸಂಜೆ. ದೀಪ ಹಚ್ಚೋ ಹೊತ್ತಿಗೆ ಚಪ್ಪರದ ಕೆಳಗೆ ಹೋಗಿ ನಿಂತು ನೋಡ್ರಿ. ಮೊದಲು ನಾಲ್ಕೈದು ಹೂ, ಅರ್ಧ ಗಂಟೆಯಲ್ಲಿ ಇಡೀ ಚಪ್ಪರ ಹಳದಿ. ನಮ್ಮವ್ವ ಗಡಿಯಾರ ನೋಡದೆ "ಹೀರಿ ಹೂ ಅರಳಿತು, ಒಲಿ ಹಚ್ಚು" ಅಂತಿದ್ದಳು.

ಗಂಡು ಹೂ ಒಂದು ಕಿತ್ತು, ಪಕಳೆ ಹಿಂದಕ್ಕೆ ಮಡಚಿ, ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಮುಟ್ಟಿಸ್ರಿ. ಬ್ರಶ್ ಬೇಡ. ಹೆಣ್ಣು ಹೂ ಅಂದರೆ ಕೆಳಗೆ ಸಣ್ಣ ಹೀಚು ಇರೋದು.

ಕೃಷಿ ಓದಿದವನು | 1:52

ಇದು ಬಹಳ ಮುಖ್ಯವಾದ ಮಾತು. ಎಲ್ಲ ಬಳ್ಳಿಗೂ ಒಂದೇ ಹೊತ್ತಲ್ಲ. ಹೀರೆ, ಸೋರೆ ಸಂಜೆ. ಹಾಗಲ, ಸೌತೆ, ಕುಂಬಳ, ತುಪ್ಪದ ಹೀರೆ ಬೆಳಗಿನ ಜಾವ. ಹೀರೆ ಮತ್ತು ತುಪ್ಪದ ಹೀರೆ ದಾಯಾದಿಗಳಾದರೂ ಹೊತ್ತು ಬೇರೆ. ತಾರಸಿಯಲ್ಲಿ ಸಂಜೆ ಹೊತ್ತು ಪತಂಗಗಳು ಕಡಿಮೆ ಬಂದರೆ ಕೈಯಲ್ಲೇ ಮಾಡಬೇಕು.

ಮೊದಲ ಕುಂಡ | 1:55

ನನ್ನ ಸೋರೆಯೂ ಇದೇ ಥರ ಉದುರಿತ್ತು. ನಾನು ಬೀಜ ಕೆಟ್ಟದ್ದು ಅಂತ ಅಂಗಡಿಯವರ ಹತ್ತಿರ ಜಗಳ ಆಡಿ ಬಂದೆ. ನಾಳೆ ಹೋಗಿ ಸಮಾಧಾನ ಹೇಳಿ ಬರಬೇಕು.

ವಿಜಯನಗರದ ತಾರಸಿ | 2:03

ಧಾರವಾಡದ ಅಣ್ಣ, ಐದು ತಿಂಗಳು ನಾನು ಮುಚ್ಚಿದ ಬಾಗಿಲು ತಟ್ಟಿದ ಹಾಗಾಯ್ತು. ಒಂದು ಬಳ್ಳಿಯಲ್ಲಿ ಇನ್ನೂ ಹೂ ಇದೆ. ಇವತ್ತೇ ನೋಡ್ತೀನಿ.

ಹಿಂಗಾರಿ ಹಿತ್ತಲ | 2:15

ನೋಡಿ ಹೇಳ್ರಿ. ನಮ್ಮದು ಎರೆಮಣ್ಣು. ಈ ಸಲ ಮುಂಗಾರಿನಲ್ಲಿ ಮಡಿ ಎತ್ತರ ಮಾಡದೆ ಚವಳಿಕಾಯಿ ಹಾಕಿ ಕೆಟ್ಟೆ. ನೀರು ನಿಂತು ಸಸಿ ಬುಡದಲ್ಲೇ ಕರಗಿದವು. ಈಗ ಹಿಂಗಾರಿಗೆ ಒಂದು ಗೇಣು ಎತ್ತರಿಸಿ ಮೆಂತ್ಯ, ಸಬ್ಬಸಗಿ, ಮೂಲಂಗಿ, ರಾಜಗಿರಿ ಹಾಕಿದೀನಿ. ಮೆಂತ್ಯ ನಾಲ್ಕನೇ ದಿನಕ್ಕೇ ಎದ್ದಿದೆ. ಇದರಷ್ಟು ಬೇಗ ಮನಸ್ಸಿಗೆ ಸಮಾಧಾನ ಕೊಡೋ ಬೆಳೆ ಇನ್ನೊಂದಿಲ್ಲ. ಹೊಸದಾಗಿ ಶುರು ಮಾಡೋರು ಟೊಮೆಟೊ ಬಿಟ್ಟು ಇದರಿಂದ ಶುರು ಮಾಡ್ರಿ.

ಶಿರಸಿ ಕಡೆಯವಳು | 3:05

ನೀವೆಲ್ಲ ನೀರು, ನೊಣ ಅಂತಿದ್ದೀರಿ. ನಮ್ಮಲ್ಲಿ ಮಂಗ. ಆಗಸ್ಟ್ 19ರಂದು ಬೆಳಿಗ್ಗೆ ಹತ್ತು ಗಂಟೆಗೆ ಗುಂಪು ಬಂತು. ನಾನು ಕೊಟ್ಟಿಗೆಯಲ್ಲಿದ್ದೆ. ಹತ್ತು ನಿಮಿಷವೂ ಆಗಿಲ್ಲ, ಅಷ್ಟರಲ್ಲಿ ಸೌತೆ ಚಪ್ಪರ ನೆಲಕ್ಕೆ ಬಂದಿತ್ತು. ಎಳೆ ಕಾಯಿ ಒಂದು ಕಡಿದು ಎಸೆಯೋದು, ಇನ್ನೊಂದು ಕೀಳೋದು. ತಿಂದಿದ್ದಕ್ಕೆ ಬೇಜಾರಿಲ್ಲ, ಹಾಳು ಮಾಡಿದ್ದಕ್ಕೆ ಕಣ್ಣಲ್ಲಿ ನೀರು ಬಂತು.

ಉಳಿದಿದ್ದು ನೆಲದೊಳಗಿನವು. ಕೆಸು, ಸುವರ್ಣಗೆಡ್ಡೆ, ಅರಿಶಿನ, ಶುಂಠಿ. ಸುವರ್ಣಗೆಡ್ಡೆ ಒಂದೇ ಹೊಂಡದಲ್ಲಿ 6 ಕೆಜಿ ಬಂದಿದೆ. ಬರೋ ವರ್ಷ ಚಪ್ಪರದ ತರಕಾರಿಯನ್ನು ಮನೆಯ ಎದುರು ಅಂಗಳಕ್ಕೆ ತರಬೇಕು ಅಂತಿದ್ದೇನೆ, ನಾಯಿ ಅಲ್ಲೇ ಇರುತ್ತೆ. ಆರಿದ್ರೆ ಮಳೆಯಿಂದ ಮಘೆ ಮಳೆವರೆಗೆ ನಮ್ಮಲ್ಲಿ ಬಿಸಿಲೇ ಇಲ್ಲ. ಆ ಹೊತ್ತಿನಲ್ಲಿ ಮೆಣಸಿನ ಗಿಡ ಉಳಿದಿದ್ದು ಸೂರಿನ ಕೆಳಗೆ ಇಟ್ಟ ಕುಂಡಗಳಲ್ಲಿ ಮಾತ್ರ.

ಮಟ್ಟುಗುಳ್ಳದ ಊರಿನವರು | 3:12

ನಮ್ಮಲ್ಲಿ ನವಿಲು, ಅಕ್ಕ. ಹರಿವೆ ಸಸಿ ಎರಡೆಲೆ ಬಿಡುವಾಗಲೇ ಬರುತ್ತೆ. ಹಳೆಯ ಮೀನುಬಲೆ ಕಟ್ಟಿದ ಮೇಲೆ ಸ್ವಲ್ಪ ಪರವಾಗಿಲ್ಲ.

ಮೊದಲ ಕುಂಡ | 3:20

ಬಸವನಹುಳಕ್ಕೆ ಏನು ಮಾಡ್ತೀರಿ? ದೊಡ್ಡವು, ಮುಷ್ಟಿಯಷ್ಟು. ಒಂದು ರಾತ್ರಿಗೆ ಐದು ಬೀನ್ಸ್ ಸಸಿ.

ಶಿರಸಿ ಕಡೆಯವಳು | 3:31

ಒದ್ದೆ ಗೋಣಿಚೀಲ ಹಾಸಿ, ಕೆಳಗೆ ಪಪ್ಪಾಯಿ ಎಲೆ ಅಥವಾ ಕೋಸಿನ ಎಲೆ ಇಡು ತಂಗಿ. ಬೆಳಿಗ್ಗೆ ಬೇಗ ಎತ್ತಿ ನೋಡು, ಎಲ್ಲ ಅಲ್ಲೇ ಇರುತ್ತವೆ. ಬರಿಗೈಯಲ್ಲಿ ಮುಟ್ಟಬೇಡ, ರೋಗ ತರುತ್ತವೆ. ಗ್ಲೌಸ್ ಹಾಕಿ ಆರಿಸಿ ಬಕೆಟ್‌ನ ಉಪ್ಪುನೀರಿಗೆ ಹಾಕು. ಮಣ್ಣಿಗೆ ಮಾತ್ರ ಉಪ್ಪು ಸುರಿಯಬೇಡ, ಗಿಡ ಸಾಯುತ್ತೆ.

ಲೆಕ್ಕ ಕೇಳುವವನು | 4:10

ಬೇಜಾರು ಮಾಡ್ಕೋಬೇಡಿ, ಒಂದು ಮಾತು. ಗ್ರೋ ಬ್ಯಾಗ್, ಕೊಕೊಪಿಟ್, ಎರೆಗೊಬ್ಬರ, ಬೇವಿನ ಹಿಂಡಿ, ಎಣ್ಣೆ, ಬಲೆ ಎಲ್ಲ ಕೂಡಿಸಿದರೆ ಆ ನಾಲ್ಕೂ ಮುಕ್ಕಾಲು ಕೆಜಿ ಬೆಂಡೆಗೆ ಎಷ್ಟು ಬಿತ್ತು? ಮಾರ್ಕೆಟ್‌ನಲ್ಲಿ ಇನ್ನೂರು ರೂಪಾಯಿಗೆ ಅಷ್ಟು ಬರುತ್ತೆ. ಇದು ಹವ್ಯಾಸ ಅಂತ ಒಪ್ಪಿಕೊಳ್ಳಿ. ಉಳಿತಾಯ ಅಂತ ಹೇಳಬೇಡಿ.

ಶಿರಸಿ ಕಡೆಯವಳು | 4:18

ಇಲ್ಲಿ ಯಾರೂ ಉಳಿತಾಯ ಅಂದಿಲ್ವಲ್ಲ.

ವಿಜಯನಗರದ ತಾರಸಿ | 4:25

ಲೆಕ್ಕ ಬರೆದಿದ್ದೇನೆ, ಹೇಳ್ತೀನಿ. ಈ ಸಲ ಖರ್ಚು 3,150 ರೂಪಾಯಿ. ಅದರಲ್ಲಿ ಜಾಸ್ತಿ ಹೋಗಿದ್ದು ಹೊಸ ಮಣ್ಣಿಗೆ ಮತ್ತು ಟೊಮೆಟೊಗೆ ಅದು ಇದು ಅಂತ ಸಿಂಪಡಿಸಿದ್ದಕ್ಕೆ. ಸೊಪ್ಪಿಗೆ ಖರ್ಚು ನೂರೂ ಆಗಿಲ್ಲ, ಬಂದಿದ್ದು 20 ಕೆಜಿ ಹತ್ತಿರ. ಹಾಗಾಗಿ ಸೊಪ್ಪಿನಲ್ಲಿ ಉಳಿತಾಯ ಹೌದು, ಟೊಮೆಟೊದಲ್ಲಿ ನಷ್ಟ. ಎರಡೂ ನಿಜ.

ಕೋಲಾರದ ಹೊಲ | 4:48

ಲೆಕ್ಕ ಕೇಳೋದು ತಪ್ಪಲ್ಲ. ಆದರೆ ನಾನು ಟೊಮೆಟೊ ಬೆಳೆಯೋರ ಮನೆಯವನು, ಇದನ್ನು ಹೇಳಲೇಬೇಕು. 2023ರ ಜುಲೈನಲ್ಲಿ ಕೆಜಿಗೆ ನೂರು ದಾಟಿದಾಗ ಎಲ್ಲರೂ ರೈತ ಕೋಟ್ಯಧಿಪತಿ ಆದ ಅಂದರು. ಅದೇ ಟೊಮೆಟೊವನ್ನು ಕೀಳುವ ಕೂಲಿಯೂ ಹುಟ್ಟದೆ ರಸ್ತೆ ಬದಿ ಸುರಿದ ವರ್ಷಗಳನ್ನೂ ನಾನು ನೋಡಿದ್ದೇನೆ. ತಾರಸಿಯಲ್ಲಿ 9 ಗಿಡ ಕಳಕೊಂಡವರಿಗೆ ಒಂದು ಎಕರೆ ಹೋದರೆ ಹೇಗಿರುತ್ತೆ ಅಂತ ಅರ್ಥ ಆಗುತ್ತೆ. ನನಗೆ ಅದು ಸಾಕು. ಮಾರ್ಕೆಟ್‌ನಲ್ಲಿ ಹತ್ತು ರೂಪಾಯಿಗೆ ಚೌಕಾಸಿ ಮಾಡೋವಾಗ ನೆನಪಾಗಲಿ.

ಲೆಕ್ಕ ಕೇಳುವವನು | 4:55

ಒಪ್ಪಿದೆ ಅಣ್ಣ.

ವಿಜಯನಗರದ ತಾರಸಿ | ಸಂಜೆ 6:35

ಈಗಷ್ಟೇ ಮೇಲಿನಿಂದ ಇಳಿದು ಬಂದೆ. ಐದೂಕಾಲಿಗೆ ಹೋಗಿ ನಿಂತೆ. ಮೊಗ್ಗುಗಳೆಲ್ಲ ಬಿಗಿಯಾಗಿದ್ದವು. ಐದೂವರೆ ದಾಟಿದ ಮೇಲೆ ಒಂದರ ತುದಿ ಸಡಿಲ ಆಯ್ತು. ನೋಡ್ತಾ ನೋಡ್ತಾ ಐದು ಪಕಳೆಯೂ ಬಿಚ್ಚಿಕೊಂಡವು, ಸುಕ್ಕಾದ ರೇಷ್ಮೆ ಬಟ್ಟೆ ಬಿಡಿಸಿದ ಹಾಗೆ. ಘಮವೂ ಇದೆ! ಇಷ್ಟು ದಿನ ಬೆಳಿಗ್ಗೆ ನೋಡುತ್ತಿದ್ದದ್ದು ಬಾಡಿದ ಹೂವನ್ನು. ಎರಡು ಹೆಣ್ಣು ಹೂ ಇದ್ದವು, ಎರಡಕ್ಕೂ ಗಂಡು ಹೂ ಮುಟ್ಟಿಸಿ ಕೆಂಪು ದಾರ ಕಟ್ಟಿ ಬಂದಿದ್ದೇನೆ.

ಹಿಂಗಾರಿ ಹಿತ್ತಲ | 6:41

ಭೇಷ್. ಮೂರು ದಿನ ಕಾಯ್ರಿ. ಕೂಡಿದ್ದರೆ ಹೀಚು ಹಸಿರಾಗೇ ದಪ್ಪ ಆಗುತ್ತೆ.

ನ್ಯೂಜೆರ್ಸಿ ಅವರೆ | 7:20

ಇಲ್ಲಿ ಈಗ ಭಾನುವಾರ ಬೆಳಿಗ್ಗೆ, ಕಾಫಿ ಜೊತೆ ಓದ್ತಾ ಇದ್ದೇನೆ. ಅವರೆ ಬಗ್ಗೆ ಯಾರೂ ಮಾತಾಡಿಲ್ಲ, ಅದಕ್ಕೆ ಬರೀತಿದ್ದೇನೆ. ಮೂರು ವರ್ಷ ನಾನೂ ಇದೇ ಗೋಳು ಪಟ್ಟಿದ್ದೇನೆ. ಮೇ ತಿಂಗಳಲ್ಲಿ ಹಾಕಿದರೆ ಬೇಲಿಯುದ್ದಕ್ಕೂ ಬಳ್ಳಿ, ಅಕ್ಟೋಬರ್‌ನಲ್ಲಿ ಹಿಮ ಬಿದ್ದು ಕಪ್ಪಾಗೋವರೆಗೂ ಹೂ ಇಲ್ಲ. ಹೋದ ವರ್ಷ ಒಂದನ್ನು ಕುಂಡದಲ್ಲಿ ಹಾಕಿ, ಚಳಿ ಬರೋ ಮೊದಲು ದಕ್ಷಿಣದ ಕಿಟಕಿ ಹತ್ತಿರ ಒಳಗೆ ತಂದೆ. ನವೆಂಬರ್‌ನಲ್ಲಿ ಹೂ ಬಿಟ್ಟಿತು. ಒಂದು ಹಿಡಿ ಕಾಳು ಸಿಕ್ಕಿತು, ಅಷ್ಟೇ. ಅದನ್ನು ಹಿಸುಕಿ ಸಾರು ಮಾಡಿದ ದಿನ ಮನೆಯಲ್ಲಿ ಯಾರೂ ಮಾತಾಡಲಿಲ್ಲ, ಊಟವೇ ಮಾಡಿದೆವು.

ಕೃಷಿ ಓದಿದವನು | 7:45

ನಿಮ್ಮ ಅನುಭವದಲ್ಲೇ ಉತ್ತರ ಇದೆ. ನಾಟಿ ಅವರೆಗೆ ಹೂ ಬಿಡೋಕೆ ಹಗಲು ಚಿಕ್ಕದಾಗಬೇಕು. ಬೆಂಗಳೂರಿನಲ್ಲಿ ಜೂನ್‌ನಲ್ಲಿ ಹಗಲು ಸುಮಾರು 13 ಗಂಟೆ, ಡಿಸೆಂಬರ್‌ನಲ್ಲಿ ಹನ್ನೊಂದೂವರೆಗೂ ಕಡಿಮೆ. ಆ ಒಂದೂವರೆ ಗಂಟೆಯ ವ್ಯತ್ಯಾಸ ಬಳ್ಳಿಗೆ ಗೊತ್ತಾಗುತ್ತೆ. ನ್ಯೂಜೆರ್ಸಿಯಲ್ಲಿ ಜೂನ್‌ನ ಹಗಲು 15 ಗಂಟೆ. ಹಗಲು ಸಾಕಷ್ಟು ಚಿಕ್ಕದಾಗೋ ಹೊತ್ತಿಗೆ ಹಿಮ ಬಂದಿರುತ್ತೆ.

ತಾರಸಿ ಅಕ್ಕ, ದಯವಿಟ್ಟು ಕೀಳಬೇಡಿ. ಇನ್ನೇನು ಹೂ ಬರೋ ಸಮಯ. ಒಂದು ಕೆಲಸ ಮಾಡಿ, ಸಗಣಿ ಗೊಬ್ಬರ, ಹಿಂಡಿ ಹಾಕೋದು ನಿಲ್ಲಿಸಿ. ಸಾರಜನಕ ಜಾಸ್ತಿ ಆದರೆ ಬರೀ ಎಲೆ. ರಾತ್ರಿ ಪಕ್ಕದಲ್ಲಿ ಜೋರು ಬಲ್ಬ್ ಉರಿಯುತ್ತಿದ್ದರೆ ಅದನ್ನೂ ನೋಡಿ.

ಯಾವ ಕಾಲದಲ್ಲಾದರೂ ಬೇಕು ಅನ್ನೋರಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಇವೆ. ಹೆಸರಘಟ್ಟದ ಅರ್ಕಾ ಜಯ್, ಅರ್ಕಾ ವಿಜಯ್ ಕೂಡ ಇವೆ. ಇವು ಹಗಲಿನ ಉದ್ದ ನೋಡೋದಿಲ್ಲ, ಗಿಡವೂ ಕುಳ್ಳು. ನ್ಯೂಜೆರ್ಸಿಯವರು ಇಂಥದ್ದನ್ನು ಹುಡುಕಿ.

ವಿಜಯನಗರದ ತಾರಸಿ | 7:58

ಬಲ್ಬ್! ಎದುರಿನ ಬೀದಿ ದೀಪ ಸರಿಯಾಗಿ ಪ್ಯಾರಾಪೆಟ್ ಮೇಲೇ ಬೀಳುತ್ತೆ. ಒಂದು ಕಡೆಗೆ ಗೋಣಿ ಕಟ್ಟಿ ನೋಡ್ತೀನಿ.

ಅಜ್ಜಿಯ ಬೀಜದ ಡಬ್ಬಿ | ರಾತ್ರಿ 8:30

ಹೊಸ ತಳಿ ಬೇಡ ಅನ್ನೋದಿಲ್ಲ. ಆದರೆ ಚಳಿಯಲ್ಲಿ ನಾಟಿ ಅವರೆ ಬಿಡಿಸಿದಾಗ ಕೈಗೆ ಅಂಟುವ ಸೊಗಡು ಇದೆಯಲ್ಲ, ಸೋಪು ಹಾಕಿ ತೊಳೆದರೂ ಹೋಗದ್ದು, ಅದಕ್ಕಾಗಿ ಆರು ತಿಂಗಳು ಕಾಯಬಹುದು. ಜೂನ್‌ನಲ್ಲಿ ಹಾಕೋದು ಬಿಟ್ಟು ಆಗಸ್ಟ್ ಕೊನೆಗೆ ಹಾಕಿ ನೋಡಿ, ಜಾಗವೂ ಉಳಿಯುತ್ತೆ. ನಾನು ತುಮಕೂರಿನಲ್ಲಿ ಹಾಗೇ ಮಾಡೋದು. ಮೊನ್ನೆ ಮೊದಲ ಹೂ ಬಂತು.

ಬೀಜದ ವಿಷಯ ಯಾರೂ ಎತ್ತಲಿಲ್ಲ. ನಿಮ್ಮ ಬೆಂಡೆ ಅಷ್ಟು ಚೆನ್ನಾಗಿ ಬಂದಿದೆ ಅಂದ್ರಲ್ಲ, ಬೀಜಕ್ಕೆ ಬಿಟ್ಟಿದ್ದೀರಾ? ಎಲ್ಲರೂ ಮಾಡೋ ತಪ್ಪು ಏನಂದರೆ, ಒಳ್ಳೆಯ ಕಾಯಿ ತಿಂದು, ಕೊನೆಗೆ ಉಳಿದ ಸೊಟ್ಟ ಕಾಯಿಯನ್ನು ಬೀಜಕ್ಕೆ ಬಿಡೋದು. ಅಜ್ಜಿ ಮೊದಮೊದಲ ಕಾಯಿಗಳಲ್ಲೇ ಚೆನ್ನಾಗಿರೋದಕ್ಕೆ ದಾರ ಕಟ್ಟುತ್ತಿದ್ದರು. ಅದನ್ನು ಮನೆಯಲ್ಲಿ ಯಾರೂ ಮುಟ್ಟೋ ಹಾಗಿಲ್ಲ. ಒಣಗಿದ ಮೇಲೆ ಬೂದಿಯಲ್ಲಿ ಉಜ್ಜಿ ಡಬ್ಬಿಗೆ ಹಾಕುತ್ತಿದ್ದರು. ಹೀರೆಯನ್ನು ಹಾಗೇ ಬಳ್ಳಿಯಲ್ಲೇ ಒಣಗಿಸಿ ಅಟ್ಟಕ್ಕೆ ಕಟ್ಟಿದರೆ ಬೀಜವೂ ಆಯ್ತು, ಬೆನ್ನು ಉಜ್ಜೋಕೂ ಆಯ್ತು.

ಮೊದಲ ಕುಂಡ | 8:36

ಅರ್ಕಾ ರಕ್ಷಕ್ ಟೊಮೆಟೊದಿಂದ ಬೀಜ ತೆಗೆದಿಡಬಹುದಾ?

ಕೃಷಿ ಓದಿದವನು | 8:44

ಅದು ಹೈಬ್ರಿಡ್. ತೆಗೆದಿಟ್ಟ ಬೀಜದಲ್ಲಿ ಅದೇ ಗುಣ ಬರೋದಿಲ್ಲ, ಪ್ರತಿ ಸಲ ಹೊಸದು ತರಬೇಕು. ಎಲೆ ಮುಟುರು, ದುಂಡಾಣು ಸೊರಗು, ಅಂಗಮಾರಿ ಮೂರನ್ನೂ ತಡೆದುಕೊಳ್ಳುತ್ತೆ ಅನ್ನೋದೇ ಅದರ ವಿಶೇಷ. ಅರ್ಕಾ ಅನಾಮಿಕಾ ಬೆಂಡೆ ಹೈಬ್ರಿಡ್ ಅಲ್ಲ, ಅದರ ಬೀಜ ಇಟ್ಟುಕೊಳ್ಳಬಹುದು. ಪಕ್ಕದಲ್ಲಿ ಬೇರೆ ಬೆಂಡೆ ಇರಬಾರದು ಅಷ್ಟೇ.

ಎಂಟು ಚೀಲ | 9:15

ಮೆಣಸಿನ ಎಲೆ ಮುದುಡಿಕೊಳ್ಳೋದಕ್ಕೆ ಹುಳಿ ಮಜ್ಜಿಗೆ ಹಾಕಿದೆ, ಸರಿಹೋಗಿಲ್ಲ. ಎಲ್ಲರೂ ಹುಳಿ ಮಜ್ಜಿಗೆ ಅಂತಾರೆ.

ಕೃಷಿ ಓದಿದವನು | 9:28

ಎಲೆ ಯಾವ ಕಡೆ ಮುದುಡಿದೆ? ದೋಣಿಯ ಹಾಗೆ ಮೇಲಕ್ಕೆ ಆದರೆ ಥ್ರಿಪ್ಸ್ ಅನ್ನೋ ಸಣ್ಣ ಹುಳ. ಬೋರಲು ಹಾಕಿದ ದೋಣಿಯ ಹಾಗೆ ಕೆಳಕ್ಕೆ ಆದರೆ ಮೈಟ್ ನುಸಿ. ಎರಡಕ್ಕೂ ಮೊದಲು ಎಲೆಯ ಅಡಿಭಾಗಕ್ಕೆ ಜೋರಾಗಿ ನೀರು ಹೊಡೆಯಿರಿ. ಆಮೇಲೆ ಲೀಟರಿಗೆ 5 ಎಂಎಲ್ ಬೇವಿನ ಎಣ್ಣೆ, ಸ್ವಲ್ಪ ಸೋಪಿನ ನೀರು ಸೇರಿಸಿ ಸಂಜೆ ಸಿಂಪಡಿಸಿ. ವಾರಕ್ಕೊಮ್ಮೆ, ಮೂರು ಸಲ. ಮಜ್ಜಿಗೆಯನ್ನು ಬೂದಿ ರೋಗಕ್ಕೆ ಇಟ್ಟುಕೊಳ್ಳಿ.

ಉಡುಪಿಯವರೇ, ಮೊಗೆಕಾಯಿ ನೊಣಕ್ಕೆ ಕ್ಯೂ ಲೂರ್ ಬುಟ್ಟಿ ಕಟ್ಟಿ, ಅಂದರೆ ವಾಸನೆಯಿಂದ ನೊಣವನ್ನು ಸೆಳೆದು ಹಿಡಿಯೋ ಬಲೆ. ಮಾವಿಗೆ ಕಟ್ಟೋ ಮಿಥೈಲ್ ಯುಜೆನಾಲ್ ತಂದರೆ ಈ ನೊಣ ಬರೋದಿಲ್ಲ. ಬುಟ್ಟಿಗೆ ಬೀಳೋದು ಗಂಡು ನೊಣ ಮಾತ್ರ. ಹಾಗಾಗಿ ಹೂ ಬರೋ ಮೊದಲೇ ಕಟ್ಟಬೇಕು. ಚುಚ್ಚಿದ ಕಾಯಿಯನ್ನು ಗೊಬ್ಬರದ ಗುಂಡಿಗೆ ಹಾಕದೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗೆ ಇಡಿ.

ಮಟ್ಟುಗುಳ್ಳದ ಊರಿನವರು | 9:40

ನಾವು ಇಷ್ಟು ದಿನ ಅದನ್ನೇ ಗುಂಡಿಗೆ ಹಾಕ್ತಾ ಇದ್ದದ್ದು. ಛೆ.

ವಿಜಯನಗರದ ತಾರಸಿ | ಸೋಮವಾರ ಸಂಜೆ 5:05

ಕಟ್ಟೆ ಮೇಲಿನ ಐದರಲ್ಲಿ ಒಂದು ಇವತ್ತು ಮಧ್ಯಾಹ್ನ ಜೋತು ಬಿತ್ತು. ಮನಸ್ಸು ಕಲ್ಲು ಮಾಡಿಕೊಂಡು ಕತ್ತರಿಸಿದೆ. ಕಾಂಡದ ಒಳಗೆ ಕಂದು ಬಣ್ಣದ ಉಂಗುರ ಇತ್ತು. ಗಾಜಿನ ಲೋಟ ಕಿಟಕಿ ಹತ್ತಿರ ಇಟ್ಟು, ತುಂಡನ್ನು ಕ್ಲಿಪ್ ಹಾಕಿ ಅಂಚಿಗೆ ನಿಲ್ಲಿಸಿದೆ. ಎರಡು ನಿಮಿಷ ಏನೂ ಇಲ್ಲ. ಆಮೇಲೆ ತುದಿಯಿಂದ ಬಿಳಿ ಎಳೆ ಒಂದು ನಿಧಾನ ಇಳಿಯೋಕೆ ಶುರುವಾಯ್ತು, ಊದುಬತ್ತಿ ಹೊಗೆ ತಲೆಕೆಳಗಾದ ಹಾಗೆ. ಹತ್ತು ನಿಮಿಷಕ್ಕೆ ನೀರು ಮಬ್ಬು. ದುಂಡಾಣುವೇ.

ಕಟ್ಟೆ ಮೇಲಿದ್ದರೂ ಹೇಗೆ ಬಂತು ಅಂತ ಯೋಚಿಸಿದೆ. ಸತ್ತ ಗಿಡ ಕತ್ತರಿಸಿದ ಕತ್ತರಿಯಲ್ಲೇ ಹೋದ ವಾರ ಇವುಗಳ ಕುಡಿ ಚಿವುಟಿದ್ದೆ.

ಕೋಲಾರದ ಹೊಲ | 5:20

ಈಗ ತಿಳಿದಿದ್ದು ಒಳ್ಳೆಯದಾಯ್ತು ಮೇಡಂ. ಕತ್ತರಿಯನ್ನು ಸೋಪು ಹಾಕಿ ತೊಳೆದು ಸ್ಪಿರಿಟ್‌ನಲ್ಲಿ ಒರೆಸಿ. ಆ ಹತ್ತು ಚೀಲದ ಮಣ್ಣಿಗೆ ಟೊಮೆಟೊ, ಬದನೆ, ಮೆಣಸು ಮೂರನ್ನೂ ಹಾಕಬೇಡಿ.

ವಿಜಯನಗರದ ತಾರಸಿ | 5:26

ಮಣ್ಣು ಎಸೆಯಲೇಬೇಕಾ? ಆ ಮಣ್ಣು ಮಾಡೋಕೆ ಎರಡು ವರ್ಷ ಹಿಡಿದಿದೆ.

ಕೃಷಿ ಓದಿದವನು | 5:38

ಎಸೆಯಬೇಡಿ. ಬೇರೆ ಚೀಲದ ಮಣ್ಣಿನ ಜೊತೆ ಬೆರೆಸಲೂಬೇಡಿ, ಚೀಲಕ್ಕೆ ಬಣ್ಣದ ಗುರುತು ಹಾಕಿ. ಮೆಂತ್ಯ, ಮೂಲಂಗಿ, ಜೋಳ ಹಾಕಬಹುದು. ಮಾರ್ಚ್ ಏಪ್ರಿಲ್‌ನಲ್ಲಿ ಮಣ್ಣನ್ನು ಒದ್ದೆ ಮಾಡಿ ಹರವಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಅಂಚು ಮುಚ್ಚಿ ಆರು ವಾರ ಬಿಡಿ. ಬೆಂಗಳೂರಿನ ತಾರಸಿ ಬಿಸಿಲು ಚೆನ್ನಾಗಿ ಕಾಯಿಸುತ್ತೆ. ಪೂರ್ತಿ ಹೋಗುತ್ತೆ ಅಂತ ಹೇಳಲಾರೆ, ಬಹಳಷ್ಟು ಕಡಿಮೆ ಆಗುತ್ತೆ. ಮುಂದಿನ ಸಲ ಟೊಮೆಟೊಗೆ ಹೊಸ ಮಣ್ಣು, ಅರ್ಕಾ ರಕ್ಷಕ್, ಮತ್ತು ಪ್ರತಿ ಚೀಲದ ಕೆಳಗೆ ಎರಡೆರಡು ಇಟ್ಟಿಗೆ.

ಹಿಂಗಾರಿ ಹಿತ್ತಲ | 5:44

ಮೆಂತ್ಯ ಬೀಜ ನಾ ಕಳಿಸ್ತೀನಿ ರೀ. ಹತ್ತು ಚೀಲಕ್ಕೆ ಎರಡು ಹಿಡಿ ಸಾಕು.

ಅಜ್ಜಿಯ ಬೀಜದ ಡಬ್ಬಿ | 6:02

ಕಳಿಸೋದಾದರೆ ನನಗೂ ಧಾರವಾಡದ ಚವಳಿಕಾಯಿ ಬೀಜ ಬೇಕು. ಬದಲಿಗೆ ನಾಟಿ ಅವರೆ ಕೊಡ್ತೀನಿ, ಆಗಸ್ಟ್‌ನಲ್ಲಿ ಹಾಕ್ತೀನಿ ಅಂತ ಮಾತು ಕೊಟ್ಟವರಿಗೆ ಮಾತ್ರ.

ವಿಜಯನಗರದ ತಾರಸಿ | ಗುರುವಾರ ಬೆಳಿಗ್ಗೆ 7:15

ದಾರ ಕಟ್ಟಿದ ಎರಡು ಹೀರೆಯಲ್ಲಿ ಒಂದು ಉದುರಿದೆ. ಇನ್ನೊಂದು ಗೇಣುದ್ದ ಆಗಿದೆ, ಹಸಿರು, ಏಣುಗಳು ಗಟ್ಟಿ. ಪೇಪರ್ ಕೊಳವೆ ಸುತ್ತಿ ನೊಣಕ್ಕೆ ಸಿಗದ ಹಾಗೆ ಮಾಡಿದ್ದೇನೆ. ನಿನ್ನೆ ಸಂಜೆ ಇನ್ನೂ ಮೂರು ಹೂವಿಗೆ ಮುಟ್ಟಿಸಿದೆ. ಇಟ್ಟಿಗೆ 80 ಬೇಕಾಗುತ್ತೆ, ಮನೆ ರಿಪೇರಿ ಮಾಡಿಸಿದವರ ಹತ್ತಿರ ಹಳೆಯವು ಕೇಳಿದ್ದೇನೆ, ಶನಿವಾರ ತರಬೇಕು. ಅವರೆ ಇನ್ನೂ ಹೂ ಬಿಟ್ಟಿಲ್ಲ. ಗೋಣಿ ಕಟ್ಟಿದ ಕಡೆ ಎಲೆ ಕಂಕುಳಲ್ಲಿ ಅಕ್ಕಿಕಾಳಿನಷ್ಟು ಹಸಿರು ಮೊನೆ ಕಾಣ್ತಿದೆ. ಅದು ಹೂವಿನ ಮೊಗ್ಗೋ, ಇನ್ನೊಂದು ಕುಡಿಯೋ?

ಅಜ್ಜಿಯ ಬೀಜದ ಡಬ್ಬಿ | 7:32

ಗೊಂಚಲಾಗಿ ಇದೆಯಾ, ಒಂಟಿಯಾ?

ವಿಜಯನಗರದ ತಾರಸಿ | 7:40

ಮೇಲೆ ಹೋಗಿ ನೋಡಿ ಬಂದೆ. ಗೊಂಚಲು.

ಅಜ್ಜಿಯ ಬೀಜದ ಡಬ್ಬಿ | 7:41

ಹಾಗಾದರೆ ಹೂವೇ.